ಅಂಗೈಯಲ್ಲಿ ಬೆಚ್ಚಗಾಗುವ ಔಷಧಿ

ಅವರ ಕೈಗುಣ ದೊಡ್ಡದು ಎಂದು ಸಕಲೇಶಪುರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಬಸ್ ಸ್ಟ್ಯಾಂಡಿನ ಆಟೋದವರಿಂದ ಹಿಡಿದು ಹೆತ್ತೂರಿನ ತೋಟದಾಳುಗಳ ಲೈನ್ ಮನೆಗಳ ಮುದುಕಿಯರವರೆಗೆ ಎಲ್ಲರದೂ ಅದೇ ಮಾತು. ಡಾಕ್ಟರು ತೀರಿಕೊಂಡ ಮೇಲೆ ಅದು ಇನ್ನೂ ಬೆಳೆದಿದೆ. ಅವರು ಮಣಿಕಟ್ಟು ಹಿಡಿದರೆ ಸಾಕಿತ್ತಂತೆ, ಅರ್ಧ ಜ್ವರ ಅಲ್ಲೇ ಇಳಿಯುತ್ತಿತ್ತಂತೆ.

ನನಗೆ ಇದರ ಬಗ್ಗೆ ತಕರಾರಿದೆ. ಒಂದು, ಸ್ವತಃ ಅವರಿಗೇ ತಕರಾರಿತ್ತು. "ಕೈಗುಣ ಅಂತೆ! ದಿನಾ ಸೋಪ್ ಹಾಕಿ ತಿಕ್ಕಿ ಕೈ ತೊಳೀತೀನಿ, ಅದನ್ನ ಒಬ್ಬನೂ ಹೇಳಲ್ಲ" ಎಂದು ಗೊಣಗುತ್ತಿದ್ದರು. ಇನ್ನೊಂದು, ಕೈಗುಣ ಎಂದುಬಿಟ್ಟರೆ ಆ ಕೈ ಏನು ಕೊಟ್ಟಿತು, ಯಾರಿಗೆ ಕೊಟ್ಟಿತು, ಏನನ್ನು ಹೇಳದೆ ಕೊಟ್ಟಿತು ಎಂದು ಕೇಳುವ ಬಾಗಿಲೇ ಮುಚ್ಚಿಹೋಗುತ್ತದೆ. ನಾನು ಕೇಳುವವಳು. ಕೇಳುವುದನ್ನು ಕಲಿಸಿದವರೂ ಅವರೇ. ನನ್ನ ಸಿಟ್ಟಿನ ಮೂಲ ಅಲ್ಲೇ ಇದೆ.

ನಮ್ಮದು ಕುಂದೂರಿನ ಕಡೆ. ಪಿಯುಸಿ ಓದಲು ಸಕಲೇಶಪುರಕ್ಕೆ ಬಂದು ಹಾಸ್ಟೆಲ್ಲಿನಲ್ಲಿದ್ದೆ. ಹಳ್ಳಿಗೆ ರಸ್ತೆ ಮೊದಲೋ ಆಸ್ಪತ್ರೆ ಮೊದಲೋ ಎಂಬ ಚರ್ಚಾಸ್ಪರ್ಧೆಗೆ ಅವರು ತೀರ್ಪುಗಾರರಾಗಿ ಬಂದಿದ್ದರು. ನಾನು ಎದುರಾಳಿ ಹುಡುಗನನ್ನು ಚಿಂದಿ ಮಾಡಿದೆ ಎಂದುಕೊಂಡಿದ್ದೆ. ಬಂದದ್ದು ಎರಡನೇ ಬಹುಮಾನ. ಜೀಪು ಹತ್ತುತ್ತಿದ್ದವರನ್ನು ತಡೆದು ನಿಲ್ಲಿಸಿದೆ.

"ಸಾರ್, ನಾನು ಸೋತಿದ್ದೆಲ್ಲಿ?"

"ನೀನು ಸೋಲಲಿಲ್ಲಮ್ಮ, ತಪ್ಪಿಸ್ಕೊಂಡೆ. ಆ ಹುಡುಗ ಹತ್ತು ಸಡಿಲ ಮಾತಾಡಿದ, ಅವನ್ನೆಲ್ಲ ಹುಡುಕಿ ಹುಡುಕಿ ಹೊಡೆದೆ. ಒಂದು ಗಟ್ಟಿ ಮಾತಾಡಿದ, ಅದರ ಹತ್ರ ಸುಳಿಯಲೇ ಇಲ್ಲ. ಎದುರಿನವನ ಗಟ್ಟಿ ಮಾತನ್ನ ಮೊದಲು ಅವನಿಗಿಂತ ಚೆನ್ನಾಗಿ ನೀನೇ ಹೇಳ್ಬೇಕು. ಆಮೇಲೆ ಹೊಡಿ ನೋಡೋಣ, ಲಾಯರಮ್ಮ!"

ಆ ಹೆಸರು ನಿಂತಿತು. ಶನಿವಾರ ಮಧ್ಯಾಹ್ನ ರೋಗಿಗಳು ಕರಗಿದ ಮೇಲೆ ಅವರ ಶಾಪಿಗೆ ಹೋಗುವುದು ನನ್ನ ಪಾಠವೇ ಆಯಿತು. ಕ್ಲಿನಿಕ್ಕಿಗೆ ನಮ್ಮಲ್ಲಿ ಎಲ್ಲರೂ ಶಾಪು ಎಂದೇ ಅನ್ನುವುದು. ಕುಳ್ಳ ಆಳು, ಬೇಸಿಗೆಯಲ್ಲೂ ತೆಗೆಯದ ಕಂದು ಸ್ವೆಟರು. ಕಷ್ಟದ ಸುದ್ದಿ ಹೇಳಬೇಕಾದಾಗ ರೋಗಿಗೆ ಬೆನ್ನು ಹಾಕಿ ಕೈ ತೊಳೆಯುತ್ತಾ ಹೇಳುತ್ತಿದ್ದರು. ದೇವರ ಹೆಸರು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. ಯಾರಾದರೂ "ದೇವ್ರು ಬಂದಂಗ್ ಬಂದ್ರಿ ಸ್ವಾಮಿ" ಎಂದರೆ, "ದೇವರು ಫೀಸ್ ಕೇಳಲ್ಲ ಕಣಯ್ಯ, ನಾನು ಕೇಳ್ತೀನಿ, ತೆಗಿ" ಎನ್ನುತ್ತಿದ್ದರು. ಆದರೆ ಹೇಳಿದ ಫೀಸು ಬರದಿದ್ದರೂ ಸುಮ್ಮನಿರುತ್ತಿದ್ದರು.

ಒಮ್ಮೆ ನಾನಿರುವಾಗಲೇ ಪ್ಲಾಂಟರ್ ಒಬ್ಬರು ಬಂದರು. ಅರವತ್ತು ದಾಟಿದ ಆಸಾಮಿ, ಹೊಸ ಷರಟು, ಸೆಂಟಿನ ಘಾಟು. ನನ್ನನ್ನು ನೋಡಿ ದನಿ ತಗ್ಗಿಸಿದರು.

"ಡಾಕ್ಟ್ರೇ, ಅದೇನೋ ಗಂಡಸರ ಸೂಜಿ ಐತಂತಲ್ಲ. ನಮ್ಗೂ ಒಂದು ಹಾಕ್ಬುಡಿ. ಮೊದ್ಲಿನಂಗೆ ಕಸುವಿಲ್ಲ."

"ಮೊದಲಿನ ಹಾಗೆ ಯಾಕಿರುತ್ತೆ? ವಯಸ್ಸಾಗೋದು ಕಾಯಿಲೆ ಅಲ್ಲ ಕಣ್ರೀ. ಬೆಳಿಗ್ಗೆ ಹೊತ್ತು ರಕ್ತ ಕೊಡಿ. ಹಾರ್ಮೋನ್ ಕಮ್ಮಿ ಇದ್ರೆ ಇನ್ನೊಂದು ದಿನ ಮತ್ತೆ ಕೊಡಿ. ಎರಡು ಸಲವೂ ಕಮ್ಮಿ ಬಂದ್ರೆ ಮಾತಾಡೋಣ. ನಿಮ್ಮ ಪ್ರಾಸ್ಟೇಟ್ ನೋಡ್ದೆ, ಹೃದಯ ನೋಡ್ದೆ ನಾನು ಸೂಜಿ ಮುಟ್ಟಲ್ಲ."

"ಅಷ್ಟೆಲ್ಲ ಯಾಕ್ ಮಾರಾಯ್ರೇ, ಒಂದ್ ಚುಚ್ಚಿ."

"ಚುಚ್ಚೋದಾದ್ರೆ ನಿಮ್ಮ ಬೆಳ್ಳಿ ಕಟ್ಟಿನ ಕೋಲಲ್ಲಿ ಚುಚ್ತೀನಿ. ಏಳಿ."

ಪ್ಲಾಂಟರು ಎದ್ದು ಹೋದರು. ನನಗೆ ಚಪ್ಪಾಳೆ ತಟ್ಟಬೇಕೆನಿಸಿತ್ತು. ಇಂಥವರ ಕೈಗೆ ಊರಿನ ಆರೋಗ್ಯ ಸಿಕ್ಕಿದೆಯಲ್ಲ ಎಂದು ಹಾಸ್ಟೆಲ್ಲಿನ ಗೆಳತಿಯರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ಆ ವರ್ಷವೇ ಅಕ್ಕನಿಗೆ ಹೆತ್ತೂರಿನ ಕಡೆಯಿಂದ ಸಂಬಂಧ ಬಂತು. ಹುಡುಗ ಎಸ್ಟೇಟೊಂದರಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ ಬರೆದು ತೋಟದ ಕೆಲಸ ನೋಡಿಕೊಳ್ಳುವವನು. ಮನೆಯದೂ ಸ್ವಲ್ಪ ಕಾಫಿ ತೋಟವಿತ್ತು. ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಹುಡುಗನ ಬಗ್ಗೆ ಸದ್ದಿಲ್ಲದೆ ವಿಚಾರಿಸುವ ರೂಢಿಯಿದೆ. ಅವನು ಸಾಮಾನು ತರುವ ಅಂಗಡಿಯಲ್ಲಿ, ಕೆಲಸ ಮಾಡುವ ಎಸ್ಟೇಟಿನ ಸ್ಟೋರಿನಲ್ಲಿ, ಕೊನೆಗೆ ಡಾಕ್ಟರ ಹತ್ತಿರ. ಡಾಕ್ಟರು ವಾರಕ್ಕೊಂದು ದಿನ ಜೀಪಿನಲ್ಲಿ ಹೆತ್ತೂರಿಗೆ ಹೋಗಿ ಬರುತ್ತಿದ್ದುದರಿಂದ ಅಲ್ಲಿನ ಮನೆಮನೆಯ ಕೆಮ್ಮು ಅವರಿಗೆ ಗೊತ್ತಿತ್ತು. ಅಪ್ಪ ನನ್ನನ್ನೂ ಕರೆದುಕೊಂಡು ಶಾಪಿಗೆ ಬಂದರು.

"ಹುಡ್ಗನ ಆರೋಗ್ಯ ಗೀರೋಗ್ಯ ಎಲ್ಲಾ ಸರಿಯಾಗೈತಾ ಡಾಕ್ಟ್ರೇ?"

ಡಾಕ್ಟರು ಎದ್ದು ಹೋಗಿ ಕೈ ತೊಳೆಯುತ್ತಾ ಹೇಳಿದರು. "ಗಟ್ಟಿಮುಟ್ಟಾಗಿದ್ದಾನೆ. ಒಳ್ಳೇ ಹುಡುಗ. ನನಗೆ ಮಗಳಿದ್ದಿದ್ರೆ ನಾನೇ ಕೊಡ್ತಿದ್ದೆ."

ಅಪ್ಪ ಅಲ್ಲಿಂದ ನೇರ ಛತ್ರ ನೋಡಲು ಹೊರಟರು.

ಮದುವೆಗೆ ಡಾಕ್ಟರೂ ಬಂದಿದ್ದರು. ಭಾವ ನಿಜಕ್ಕೂ ಗಟ್ಟಿಮುಟ್ಟಾಗಿದ್ದರು. ದಟ್ಟ ಮೀಸೆ, ತುಂಬಿದ ದನಿ. ಹೆಂಗಸರನ್ನು ಗದರದೆ ಕೆಲಸ ತೆಗೆಯುವ ರೈಟರ್ ಎಂದು ಲೈನಿನಲ್ಲಿ ಹೆಸರಿತ್ತು. ಅಕ್ಕನನ್ನು ಒಂದು ಮಾತು ಬೈದವರಲ್ಲ. ಮೂರು ವಾರಕ್ಕೊಮ್ಮೆ ಡಾಕ್ಟರ ಹತ್ತಿರ ಸೂಜಿ ಹಾಕಿಸಿಕೊಳ್ಳುತ್ತಿದ್ದರು. ಅದು ಗುಟ್ಟೇನಲ್ಲ. ಮನೆಯಲ್ಲಿ ಅದಕ್ಕೆ ತಾಕತ್ತಿನ ಸೂಜಿ ಎಂದು ಹೆಸರು. ಟಾನಿಕ್ಕಿನ ಥರದ್ದು ಎಂದು ಎಲ್ಲರೂ ನಂಬಿದ್ದರು. ರಜೆಯಲ್ಲಿ ಅಕ್ಕನ ಮನೆಗೆ ಹೋದಾಗ ಒಮ್ಮೆ ನಾನೇ ನೋಡಿದ್ದೆ. ಡಾಕ್ಟರು ಜಗಲಿಯಲ್ಲಿ ಕೂತು ಸಣ್ಣ ಗಾಜಿನ ಆಂಪೂಲನ್ನು ಅಂಗೈಯಲ್ಲಿ ಮುಚ್ಚಿಟ್ಟುಕೊಂಡು ಮಳೆ, ಮೆಣಸಿನ ರೇಟು ಎಂದು ಮಾತಾಡುತ್ತಿದ್ದರು. ಒಳಗಿನ ಔಷಧಿ ಎಣ್ಣೆಯಂಥದ್ದು, ಹೆತ್ತೂರಿನ ಚಳಿಗೆ ಮಂದವಾಗುತ್ತದೆ, ಬೆಚ್ಚಗಾದರೆ ಸೂಜಿಯಲ್ಲಿ ಸರಾಗ ಇಳಿಯುತ್ತದೆ. ಮರಿ ಹಕ್ಕಿಯನ್ನು ಹಿಡಿದ ಹಾಗೆ ಹಿಡಿದಿದ್ದರು. ಆ ಕೈಯನ್ನು ನೋಡಿ ನನಗೂ ಪ್ರೀತಿ ಉಕ್ಕಿತ್ತು, ಸುಳ್ಳು ಯಾಕೆ ಹೇಳಲಿ.

ಮಕ್ಕಳಾಗಲಿಲ್ಲ. ಒಂದು ವರ್ಷ ಯಾರೂ ಮಾತೆತ್ತಲಿಲ್ಲ. ಆಮೇಲೆ ಅಕ್ಕನ ಅತ್ತೆ ಶುರು ಮಾಡಿದರು. ಅವರ ತರ್ಕ ಬಹಳ ಸರಳ. ಮಗನಿಗೆ ತಾಕತ್ತಿನ ಸೂಜಿ ಬೀಳುತ್ತಿದೆ, ಆದ್ದರಿಂದ ಗಂಡಿನ ಕಡೆಯ ರಿಪೇರಿ ಆಗುತ್ತಲೇ ಇದೆ. ಇನ್ನು ಉಳಿದದ್ದು ಹೆಣ್ಣಿನ ಕಡೆ.

"ನನ್ ಮಗಂದೇನೂ ಊನ ಇಲ್ಲ ಕಣವ್ವ, ದೊಡ್ ಡಾಕ್ಟ್ರೇ ಸೂಜಿ ಹಾಕ್ತಾವ್ರೆ. ಇವ್ಳ ಹೊಟ್ಟೆನೇ ಕಚ್ಚಲ್ಲ ಅಂತೈತೆ" ಎಂದು ಬಂದವರಿಗೆಲ್ಲ ಅಕ್ಕನ ಎದುರೇ ಹೇಳುತ್ತಿದ್ದರು. ಅಕ್ಕ ಸೋಮವಾರ ಉಪವಾಸ ಹಿಡಿದಳು, ಮಠಕ್ಕೆ ಹೋಗಿ ಸ್ವಾಮಿಗಳಿಂದ ವಿಭೂತಿ ತಂದಳು. ಅತ್ತೆ ಮಗನಿಗೂ ಹೇಳಿದರು: "ಮೂರ್ ವಾರ ಯಾಕ್ಲಾ ಕಾಯ್ತೀಯ, ಎಲ್ಡೇ ವಾರಕ್ಕೆ ಹಾಕ್ಸ್ಕಂಬುಡು. ಬೇಗ ಫಲ ಆಯ್ತದೆ." ಭಾವ ತಲೆ ತಗ್ಗಿಸಿ ಊಟ ಮಾಡುತ್ತಿದ್ದರು.

ಕೊನೆಗೆ ಅತ್ತೆ ಡಾಕ್ಟರನ್ನೇ ಕೇಳಿದರು. ಅಕ್ಕನನ್ನು ಮಂಗಳೂರಿಗೆ ಕಳಿಸುವುದು ಒಳ್ಳೆಯದು ಎಂದು ಡಾಕ್ಟರೇ ಹೇಳಿದರು. ಅಲ್ಲಿ ಗರ್ಭಕೋಶದ ನಾಳಕ್ಕೆ ಔಷಧಿ ನುಗ್ಗಿಸಿ ಫೋಟೋ ತೆಗೆದರು, ಇನ್ನೊಂದು ಸಲ ಹೊಟ್ಟೆಗೆ ತೂತು ಮಾಡಿ ನೋಡಿದರು. ಭಾವನೇ ಜೊತೆಗೆ ಹೋಗಿದ್ದರು. ಅಕ್ಕ ಬಂದು ಎಷ್ಟೋ ದಿನ ಗೋಡೆ ಹಿಡಿದು ನಡೆದಳು. ರಿಪೋರ್ಟಿನಲ್ಲಿ ಎಲ್ಲಾ ಸರಿಯಿದೆ ಎಂದೇ ಬಂತು. ಅದನ್ನು ತೋರಿಸಲು ಅಕ್ಕನ ಜೊತೆ ನಾನೂ ಶಾಪಿಗೆ ಹೋಗಿದ್ದೆ. ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು.

"ನಿನ್ನದೇನೂ ತೊಂದರೆ ಇಲ್ಲಮ್ಮ. ದೇವರು ಕಣ್ಣು ಬಿಡಬೇಕು, ಅಷ್ಟೆ."

ಅಕ್ಕ ಕೈ ಮುಗಿದಳು. ನಾನು ಮಾತ್ರ ಅವರನ್ನೇ ದಿಟ್ಟಿಸಿದೆ. ಈ ಬಾಯಲ್ಲಿ ದೇವರು ಎಲ್ಲಿಂದ ಬಂದ? ವಾದದಲ್ಲಿ ಒಬ್ಬ ಇದ್ದಕ್ಕಿದ್ದಂತೆ ತನ್ನದಲ್ಲದ ಭಾಷೆ ಮಾತಾಡಿದರೆ ಅಲ್ಲೇನೋ ಟೊಳ್ಳಿದೆ ಎಂದು ತಿಳಿಯಬೇಕು. ಆದರೆ ಎಲ್ಲಿ ಟೊಳ್ಳು ಎಂದು ಅವತ್ತು ಹೊಳೆಯಲಿಲ್ಲ.

ಹೊಳೆದದ್ದು ಡಿಗ್ರಿಯ ಕೊನೆಯ ವರ್ಷದಲ್ಲಿ. ಪೇಟೆಯಲ್ಲಿ ಹೊಸದಾಗಿ ಜಿಮ್ ಆಗಿತ್ತು. ಹುಡುಗರು ಯಾರ್ಯಾರಿಂದಲೋ ಗಂಡಸರ ಹಾರ್ಮೋನಿನ ಸೂಜಿ ತರಿಸಿ ಚುಚ್ಚಿಕೊಳ್ಳುತ್ತಾರೆಂದು ಗುಲ್ಲೆದ್ದು, ಯುವಕ ಸಂಘದವರು ಡಾಕ್ಟರನ್ನು ಭಾಷಣಕ್ಕೆ ಕರೆದರು. ವಂದನಾರ್ಪಣೆ ನನ್ನದು. ಡಾಕ್ಟರು ಜೇಬಿನಿಂದ ಸಣ್ಣ ಆಂಪೂಲ್ ತೆಗೆದು ಎತ್ತಿ ತೋರಿಸಿದರು. ಅಭ್ಯಾಸಬಲ, ತೋರಿಸಿ ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡೇ ಮಾತು ಮುಂದುವರಿಸಿದರು.

"ಇದು ಟೆಸ್ಟೋಸ್ಟೆರೋನ್. ಇದು ವಿಷ ಅಲ್ಲ. ಕೆಲವರ ಮೈಯಲ್ಲಿ ಇದು ಹುಟ್ಟೋದೇ ಇಲ್ಲ. ಮೀಸೆ ಬರಲ್ಲ, ಮೂಳೆ ಸವೀತದೆ, ಸುಸ್ತು, ಯಾವುದರಲ್ಲೂ ಮನಸ್ಸು ನಿಲ್ಲಲ್ಲ. ಅಂಥವರಿಗೆ ಇದು ಅನ್ನ ಇದ್ದ ಹಾಗೆ. ಕೊಟ್ಟರೆ ಮನುಷ್ಯ ಎದ್ದು ನಿಲ್ತಾನೆ, ನಾನು ನಿಲ್ಲಿಸಿದೀನಿ. ಆದರೂ ಆಗಾಗ ರಕ್ತ ನೋಡ್ತಿರಬೇಕು, ಮಂದವಾದ್ರೆ ಹೆಪ್ಪುಗಟ್ಟೋ ಅಪಾಯ ಇದೆ. ಇನ್ನು ನಿಮ್ಮಂಥ ಹೊಟ್ಟೆ ತುಂಬಿದವರು ಹಾಕ್ಕೊಂಡ್ರೆ ಏನಾಗ್ತದೆ? ಹೊರಗಿಂದ ಬರ್ತಾ ಇದೆ ಅಂತ ಮಿದುಳಿಗೆ ಗೊತ್ತಾಗ್ತದೆ, ಒಳಗಿನ ಕೆಲಸ ನಿಲ್ಲಿಸು ಅಂತ ಹುಕುಂ ಕೊಡ್ತದೆ. ಮಗು ಹುಟ್ಟಿಸೋ ವೀರ್ಯಾಣು ತಯಾರಾಗೋದೇ ನಿಂತುಹೋಗ್ತದೆ. ತೋಳು ಬರ್ತದೆ ಕಣ್ರೋ, ಮಕ್ಕಳು ಬರಲ್ಲ."

ಹುಡುಗರು ನಕ್ಕರು. ನಾನು ವೇದಿಕೆಯ ಮೇಲೆ ಅವರ ಮುಚ್ಚಿದ ಮುಷ್ಟಿಯನ್ನೇ ನೋಡುತ್ತಿದ್ದೆ. ವಂದನಾರ್ಪಣೆಯಲ್ಲಿ ಏನು ಹೇಳಿದೆನೋ ನೆನಪಿಲ್ಲ.

ಮಾರನೆಯ ದಿನ ಶಾಪಿನಲ್ಲಿ ಕುರ್ಚಿಯಲ್ಲಿ ಕೂರದೆ ಕೇಳಿದೆ.

"ಭಾವನಿಗೆ ಹಾಕೋದು ಇದೇನಾ ಸಾರ್?"

ಅವರು ಸುಳ್ಳು ಹೇಳಲಿಲ್ಲ, ಅಂದರೆ ಅವತ್ತು ಹೇಳಲಿಲ್ಲ. "ಹೌದು. ಅವನಿಗೆ ಬೇಕೇ ಬೇಕು. ಮಿದುಳಿನ ಕೆಳಗಿನ ಗ್ರಂಥಿ ಹುಕುಂ ಕೊಡ್ತಾ ಇಲ್ಲ. ನನ್ನ ಹತ್ರ ಬಂದಾಗ ಇಪ್ಪತ್ತೈದಾದ್ರೂ ಗಂಟಲು ಒಡೆದಿರಲಿಲ್ಲ. ಲೈನಿನ ಹೆಂಗಸರು ಆಡ್ಕೊಂಡು ನಗ್ತಿದ್ರು. ತೋಟದಲ್ಲಿ ವಿಷ ಕುಡಿಯಕ್ಕೆ ಹೋಗಿದ್ದವನು."

"ಮಕ್ಕಳಾಗಲ್ಲ ಅಂತ ಅವರಿಗೆ ಗೊತ್ತಾ?"

"ಆಗಲ್ಲ ಅಂತಲ್ಲ. ಈ ಸೂಜಿ ನಿಲ್ಲಿಸಿ ಬೇರೆ ಸೂಜಿ ಶುರು ಮಾಡ್ಬೇಕು. ವಾರಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ, ವರ್ಷವೂ ಹಿಡೀಬಹುದು. ಎಷ್ಟೋ ಜನಕ್ಕೆ ಆಗಿದೆ. ಮದುವೆಗೆ ಮುಂಚೆನೇ ಕೂರಿಸಿ ಹೇಳಿದ್ದೆ. ಮುಂದಿನ ವರ್ಷ, ಮುಂದಿನ ವರ್ಷ ಅಂದ. ಅಷ್ಟು ಸಲ ಮಂಗಳೂರಿಗೆ ಓಡಾಡಿದ್ರೆ ಮನೇಲಿ ಗೊತ್ತಾಗುತ್ತೆ ಅಂತ ಭಯ. ಯಾರಿಗೂ ಹೇಳಬೇಡಿ ಅಂತ ನನ್ನ ಕೈ ಹಿಡ್ಕೊಂಡ."

ನಾನು ಅವರು ಕಲಿಸಿದಂತೆಯೇ ಮಾಡಿದೆ. ಅವರ ಗಟ್ಟಿ ಮಾತನ್ನು ನಾನೇ ಹೇಳಿದೆ. ಒಬ್ಬ ರೋಗಿಯ ಗುಟ್ಟು ಇನ್ನೊಬ್ಬರ ಕಿವಿಗೆ ಬಿದ್ದರೆ ನಾಳೆ ಯಾವ ರೋಗಿಯೂ ಬಾಯಿ ಬಿಡುವುದಿಲ್ಲ. ಇಂಥ ಕಾಯಿಲೆಯವನಂತೂ ಡಾಕ್ಟರ ಬಾಗಿಲು ಬಿಟ್ಟು ಸಂತೆಯಲ್ಲಿ ಬೇರು ಮಾರುವವನ ಹತ್ತಿರ ಹೋಗುತ್ತಾನೆ. ಹಾಗಾಗಿ ಬಾಯಿ ಮುಚ್ಚಿಕೊಂಡಿದ್ದು ಧರ್ಮ.

"ಒಪ್ಪಿದೆ ಸಾರ್. ಆದ್ರೆ ಅಕ್ಕನೂ ನಿಮ್ಮ ರೋಗಿಯಲ್ವಾ? ಬಾಯಿ ಮುಚ್ಕೊಂಡಿದ್ದು ಬೇರೆ, ಅವಳನ್ನ ಮಂಗಳೂರಿಗೆ ಕಳಿಸಿದ್ದು ಬೇರೆ. ಏನೂ ಸಿಗಲ್ಲ ಅಂತ ಗೊತ್ತಿದ್ದೂ ಹೊಟ್ಟೆ ಕುಯ್ಸೋಕೆ ಕಳಿಸಿದ್ರಿ."

"ಅವಳದೂ ಒಮ್ಮೆ ನೋಡ್ಬೇಕಾಗಿತ್ತು ಕಣಮ್ಮ."

"ಭಾವನ ಚಿಕಿತ್ಸೆ ಶುರು ಮಾಡೋಕೆ ಮುಂಚೇನಾ?"

"ಅವಳ ಅತ್ತೆ ಕೇಳಿದ್ರು. ಬೇಡ ಅಂದಿದ್ರೆ, ಯಾಕೆ ಬೇಡ ಅಂತ ಕೇಳೋರು" ಎಂದರು. ಎದ್ದು ಹೋಗಿ ನಲ್ಲಿ ತಿರುಗಿಸಿದರು.

ಆ ಊರಿನಲ್ಲಿ ನಾನು ಕೇಳಿದ ವಾದಗಳಲ್ಲಿ ಅತ್ಯಂತ ಬಡಕಲು ವಾದ ಅದು. ಹೇಳಿದವರು ಅವರು.

ನಾನು ಹೆತ್ತೂರಿನ ಬಸ್ಸು ಹತ್ತಿದೆ. ಆ ಹೊತ್ತಿಗೆ ಅತ್ತೆ ಆಲೂರಿನ ಕಡೆ ಮಗನಿಗೆ ಎರಡನೇ ಹೆಣ್ಣು ನೋಡಿ ಬಂದಾಗಿತ್ತು. ಅಕ್ಕನನ್ನು ಕಣದ ಮೂಲೆಗೆ ಕರೆದು ಎಲ್ಲಾ ಹೇಳಿದೆ. ಅವಳು ಒಣಗಿದ ಕಾಫಿಯಲ್ಲಿ ಕೈಯಾಡಿಸುತ್ತಲೇ ಇದ್ದಳು.

"ಇವ್ರಿಗೆ ಗೊತ್ತಿತ್ತಾ?"

"ಮದುವೆಗೆ ಮೊದಲೇ ಗೊತ್ತಿತ್ತು."

ಸಂಜೆ ಅಕ್ಕ ಎಲ್ಲರೆದುರು ಕೇಳಿದಳು. ಭಾವ ತಾಯಿಯ ಕಡೆ ತಿರುಗಿದರು. "ನಂಗೇನ್ ಗೊತ್ತು? ಡಾಕ್ಟ್ರು ತಾಕತ್ತಿಗೆ ಅಂದ್ರು, ಹಾಕಿಸ್ಕಂಡೆ. ನಂಗೆ ಹೇಳೇ ಇಲ್ಲ" ಎಂದರು. ಅತ್ತೆ ಎದ್ದು ನಿಂತರು. ಮಾರನೆಯ ಬೆಳಿಗ್ಗೆ ಜೀಪು ಮಾಡಿಕೊಂಡು ಎಲ್ಲರೂ ಸಕಲೇಶಪುರಕ್ಕೆ ಬಂದೆವು. ಕಾದು ಕೂತಿದ್ದ ರೋಗಿಗಳ ಎದುರೇ ಅತ್ತೆ ಕೂಗಾಡಿದರು.

"ಏನ್ ಸ್ವಾಮಿ, ನನ್ ಮಗಂಗೆ ಹೇಳ್ದೆ ಕೇಳ್ದೆ ಎಂಥ ಸೂಜಿ ಚುಚ್ಚೀರಿ? ನಮ್ ವಂಶಕ್ಕೇ ಕಲ್ಲಾಕ್ಬುಟ್ರಲ್ಲ!"

ಡಾಕ್ಟರು ಭಾವನ ಮುಖ ನೋಡಿದರು. ಭಾವ ನೆಲ ನೋಡುತ್ತಿದ್ದರು. ನಾನು ನಿರಾಳವಾಗಿ ನಿಂತಿದ್ದೆ, ಯಾಕೆಂದರೆ ಸಾಕ್ಷಿ ನನ್ನ ಕಡೆಯದು.

"ಹೌದಮ್ಮ" ಎಂದರು. "ಅವನಿಗೆ ನಾನು ಹೇಳಿರಲಿಲ್ಲ. ನನ್ನದೇ ತಪ್ಪು."

"ಸಾರ್! ನಿನ್ನೆ ಮೊನ್ನೆ ನನ್ನ ಹತ್ರ..."

"ನೀನು ತಪ್ಪು ತಿಳ್ಕೊಂಡಿದೀಯಮ್ಮ." ಲಾಯರಮ್ಮ ಎನ್ನಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಎರಡು ಹೇಳಿಕೆಗಳಲ್ಲಿ ಒಂದು ಸುಳ್ಳು. ಯಾವುದೆಂದು ನನಗೆ ಗೊತ್ತಿತ್ತು, ಅವರಿಗೂ ಭಾವನಿಗೂ ಗೊತ್ತಿತ್ತು. ಶಾಪಿನಲ್ಲಿದ್ದ ಉಳಿದವರೆಲ್ಲರ ಕಣ್ಣಿಗೆ ಸುಳ್ಳಿ ನಾನು. ಜೀಪು ಹತ್ತುವಾಗ ಅಕ್ಕ ಹೇಳಿದಳು: "ನಿಂಗೆ ಗೆಲ್ಲದೊಂದೇ ಗೊತ್ತು ಕಣೇ. ಗಂಡನ ಮ್ಯಾಲೆ ಇಲ್ಲದ್ದು ಹೇಳಿ ನನ್ ಸಂಸಾರಕ್ಕೂ ಮಾರ್ಕ್ಸ್ ಹಾಕಕ್ ಬಂದ್ಯಾ?" ಆಮೇಲೆ ಅವಳ ಮನೆಯಿಂದ ನನಗೆ ಕರೆ ಬರಲಿಲ್ಲ. ಹಬ್ಬಕ್ಕೆ ತವರಿಗೆ ಬಂದರೂ ನಾನಿಲ್ಲದ ದಿನ ನೋಡಿ ಬರುತ್ತಿದ್ದಳು.

ಡಾಕ್ಟರ ಪರವಾಗಿ ಹೇಳಬಹುದಾದ ಗಟ್ಟಿ ಮಾತು ಇದು, ಅದನ್ನೂ ಹೇಳಿಬಿಡುತ್ತೇನೆ. ಆ ಸುಳ್ಳಿನಿಂದ ಎರಡನೇ ಮದುವೆಯ ಮಾತು ನಿಂತಿತು. ತಪ್ಪು ಡಾಕ್ಟರದಾದ ಮೇಲೆ ಬಂಜೆ ಎಂಬ ಹೆಸರು ಅಕ್ಕನ ತಲೆಯಿಂದ ಇಳಿಯಿತು, ಭಾವನ ಮರ್ಯಾದೆಯೂ ಉಳಿಯಿತು. ಭಾವ ರಾಜಾರೋಷವಾಗಿ ಮಂಗಳೂರಿಗೆ ಹೋಗಿ ಹೊಸ ಸೂಜಿ ಶುರು ಮಾಡಿದರು. ಫಲ ಇನ್ನೂ ಕಂಡಿಲ್ಲ, ಕಾಯುತ್ತಿದ್ದಾರೆ. ಹೆತ್ತೂರಿನ ಕೆಲವು ಮನೆಯವರು ಡಾಕ್ಟರನ್ನು ಕರೆಯುವುದನ್ನೇ ಬಿಟ್ಟರು. ಅವರು ಯಾರ ಹತ್ತಿರವೂ ಸಮಜಾಯಿಷಿ ಕೊಡಲಿಲ್ಲ. ತಮ್ಮ ಹೆಸರು ಸುಟ್ಟುಕೊಂಡು ಒಂದು ಮನೆ ಉಳಿಸಿದರು ಎಂದು ನೀವು ವಾದಿಸಬಹುದು. ಉಳಿಸಿದ್ದು ಯಾರ ಮನೆ? ತನ್ನ ಪಕ್ಕದಲ್ಲಿ ಮಲಗುವವನು ಏನನ್ನು ಬಲ್ಲವನು ಎಂದು ತಿಳಿಯುವ ಹಕ್ಕು ಅಕ್ಕನಿಗಿತ್ತು. ಅದನ್ನು ಅವಳಿಂದ ಮೊದಲ ಸಲ ಮೌನದಿಂದ ಕಿತ್ತುಕೊಂಡರು, ಎರಡನೇ ಸಲ ಮಾತಿನಿಂದ. ಬೆಲೆ ತೆರಲು ನನ್ನನ್ನು ಮುಂದೆ ತಳ್ಳಿದರು. ನನ್ನ ಅನುಮತಿ ಕೇಳಲಿಲ್ಲ.

ಒಮ್ಮೆ ಹೇಮಾವತಿ ಸೇತುವೆಯ ಮೇಲೆ ಅವರ ಜೀಪು ನನ್ನ ಪಕ್ಕಕ್ಕೆ ಬಂದು ನಿಧಾನವಾಯಿತು. ನಾನು ನೀರು ನೋಡುತ್ತಾ ನಿಂತೆ. ಜೀಪು ಹೋಯಿತು.

ಹೋದ ತಿಂಗಳು ಹೃದಯ ನಿಂತು ಹೋಗಿಬಿಟ್ಟರು. ಬಿಟ್ಟುಹೋಗಿದ್ದ ಹೆತ್ತೂರಿನವರೂ ಮಣ್ಣಿಗೆ ಬಂದರು. ಅಪ್ಪ ಒತ್ತಾಯಿಸಿದ್ದರಿಂದ ನಾನೂ ಹೋದೆ. ವಾಪಸು ಬರುವಾಗ ಬಸ್ಸಿರಲಿಲ್ಲ, ಭಾವ ತಂದಿದ್ದ ಜೀಪಿನಲ್ಲೇ ಕೂರಬೇಕಾಯಿತು. ಮುಂದೆ ಭಾವ ಮತ್ತು ಅಕ್ಕ, ಹಿಂದೆ ನಾನು ಮತ್ತು ಅಪ್ಪ. ಭಾವ ಅಳುತ್ತಲೇ ಗಾಡಿ ಓಡಿಸುತ್ತಿದ್ದರು. ಆ ಅಳು ನಾಟಕದ್ದಲ್ಲ, ಅಷ್ಟನ್ನು ಒಪ್ಪುತ್ತೇನೆ.

"ಅಪ್ಪ ಇದ್ದಂಗಿದ್ರು ಮಾವ" ಎಂದರು ಕನ್ನಡಿಯಲ್ಲಿ ನಮ್ಮಪ್ಪನನ್ನು ನೋಡುತ್ತಾ. "ಅಂಥವ್ರು ಸಿಗಲ್ಲ. ಮದ್ವೆಗ್ ಮುಂಚೆ ನನ್ನ ಎದ್ರಿಗ್ ಕುಂಡ್ರಿಸ್ಕಂಡು, ಹಿಂಗಿಂಗೆ ಆಯ್ತದೆ ಕಣಪ್ಪ ಅಂತ ಎಲ್ಲಾನೂ ಬುಡಿಸಿ ಬುಡಿಸಿ ಹೇಳಿದ್ರು. ಒಂದ್ ಮಾತ್ನೂ ಮುಚ್ಚಿಡ್ಲಿಲ್ಲ ಪುಣ್ಯಾತ್ಮ."

ಹೇಳಿ ಮುಗಿಸುವ ಹೊತ್ತಿಗೆ ತಾವು ಏನು ಹೇಳಿದೆವು ಎಂದು ಅವರಿಗೂ ತಿಳಿಯಿತು. ಗಾಡಿ ತಾನಾಗಿ ನಿಧಾನವಾಯಿತು. ನನ್ನ ಬಾಯಲ್ಲಿ ಮಾತು ತಯಾರಿತ್ತು. ಆದರೆ ಅಕ್ಕ ಹಿಂದಕ್ಕೆ ಕೈ ಚಾಚಿ ನನ್ನ ಮೊಣಕಾಲನ್ನು ಒತ್ತಿ ಹಿಡಿದಳು, ಸುಮ್ಮನಿರು ಎನ್ನುವಂತೆ. ಆಮೇಲೆ ಗಂಡನ ಕಡೆ ತಿರುಗಿ, ದನಿ ಏರಿಸದೆ ಕೇಳಿದಳು:

"ರೀ, ಮಂಗ್ಳೂರ್ನಲ್ಲಿ ಅವತ್ತು ಒಳ್ಗೆ ನಾನ್ ಕೂಗ್ಕಂಡಿದ್ದು, ಆಚೆ ಬೆಂಚ್ ಮ್ಯಾಲೆ ಕುಂತಿದ್ ನಿಮ್ಗೆ ಕೇಳಿಸ್ತಾ?"